ಅಪ್ಪ ದನ ಹೊಡೆದುಕೊಂಡು ಹೋದ ಮೇಲೆ: ಟೆಕ್ಸಾಸ್ ಗಡಿಯ ಹುಡುಗನೂ ಬೀಡಾಡಿ ನಾಯಿಯೂ

1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದಾಗ ಟೆಕ್ಸಾಸ್ ಗುಡ್ಡಗಾಡಿನ ರೈತರ ಹತ್ತಿರ ದನಗಳಿದ್ದವು, ದುಡ್ಡಿರಲಿಲ್ಲ. ಸೋತ ದಕ್ಷಿಣದ ರಾಜ್ಯಗಳ ನೋಟಿಗೆ ಬೆಲೆಯೇ ಉಳಿದಿರಲಿಲ್ಲ. ಉದ್ದ ಕೊಂಬಿನ ದನವನ್ನು ಊರಲ್ಲಿ ಮಾರಿದರೆ ನಾಲ್ಕೈದು ಡಾಲರು ಸಿಗುತ್ತಿತ್ತು. ಅದೇ ದನ ಉತ್ತರದ ಪೇಟೆ ಮುಟ್ಟಿದರೆ ಮೂವತ್ತು, ನಲವತ್ತು. 1867ರಲ್ಲಿ ಜೋಸೆಫ್ ಮೆಕಾಯ್ ಎಂಬ ವ್ಯಾಪಾರಿ ಕನ್ಸಾಸ್ ರಾಜ್ಯದ ಅಬಿಲೀನ್ ಊರಿನ ರೈಲುಹಳಿ ಪಕ್ಕ ದೊಡ್ಡಿ ಕಟ್ಟಿಸಿದ. ಆ ವರ್ಷವೇ ಸುಮಾರು 35,000 ದನ ಅಲ್ಲಿಂದ ರೈಲು ಹತ್ತಿದವು. ಟೆಕ್ಸಾಸ್‌ನಿಂದ ಅಲ್ಲಿಗೆ ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ಮೇಯಿಸಿಕೊಂಡೇ ನಡೆಸಬೇಕು, ಅವಸರ ಮಾಡಿದರೆ ದನದ ಮೈ ಇಳಿದು ಬೆಲೆ ಬೀಳುತ್ತದೆ. ದಿನಕ್ಕೆ 15ರಿಂದ 25 ಕಿಲೋಮೀಟರ್ ಸಾಗಿದರೆ ಅದೇ ಹೆಚ್ಚು. ವಸಂತದಲ್ಲಿ ಹುಲ್ಲು ಚಿಗುರಿದಾಗ ಹೊರಟ ಗಂಡಸು ದನ ಮಾರಿ ಮನೆ ಸೇರುವ ಹೊತ್ತಿಗೆ ಬೇಸಿಗೆ ಕಳೆದಿರುತ್ತಿತ್ತು.

ಅಷ್ಟೂ ತಿಂಗಳು ಹೊಲ, ಹಂದಿ, ಕೋವಿ, ಬೇಲಿ ಎಲ್ಲ ಹದಿಮೂರು ಹದಿನಾಲ್ಕರ ಹಿರಿಮಗನ ಪಾಲಿಗೆ. ಅವನು ಹೇಗೆ ಗಂಡಸಾದ ಎಂದು ಕೇಳಿದರೆ, ‘ಓಲ್ಡ್ ಯೆಲ್ಲರ್’ ಕಾದಂಬರಿಯಂಥ ಗಡಿಯ ಕಥೆಗಳನ್ನು ಓದಿದ ಜನ ಸಾಮಾನ್ಯವಾಗಿ ಕೊನೆಯ ಒಂದು ಗುಂಡಿನ ಬಗ್ಗೆ ಹೇಳುತ್ತಾರೆ: ತಾನೇ ಸಾಕಿದ ನಾಯಿಗೆ ಹುಚ್ಚು ಹಿಡಿದು, ತಾನೇ ಅದನ್ನು ಕೊಲ್ಲಬೇಕಾಗಿ ಬಂದ ಗಳಿಗೆ. ನನಗೆ ಈ ವಿವರಣೆ ಒಪ್ಪಿಗೆಯಿಲ್ಲ. ಹುಡುಗ ಬೆಳೆದದ್ದು ಅದಕ್ಕೆ ಮೊದಲಿನ ತಿಂಗಳುಗಳ ಕೆಲಸದಲ್ಲಿ, ಆ ಕೆಲಸದಲ್ಲಿ ಅರ್ಧ ನಾಯಿಯದು. ಕೊನೆಯ ಗುಂಡು ಯಾವ ಪರೀಕ್ಷೆಯೂ ಅಲ್ಲ. ಲಸಿಕೆ ಇನ್ನೂ ಹುಟ್ಟಿರಲಿಲ್ಲ, ಆದ್ದರಿಂದ ಅದು ಒದಗಿತು. ಈ ಎರಡನ್ನು ಬೇರೆಬೇರೆ ಇಟ್ಟು ನೋಡಿದರೆ ಆ ಬದುಕು ಸರಿಯಾಗಿ ಕಾಣುತ್ತದೆ.

ಲ್ಯಾನೊ ನದಿಯ ಸುತ್ತಿನ ಆ ನಾಡು ಸುಣ್ಣಕಲ್ಲು, ಗ್ರಾನೈಟ್ ಬಂಡೆಗಳ ಗುಡ್ಡಸಾಲು. ಮರಗಳೆಂದರೆ ಓಕ್, ಜ್ಯೂನಿಪರ್, ನಮ್ಮ ಬಳ್ಳಾರಿ ಜಾಲಿಯ ದಾಯಾದಿಯಾದ ಮೆಸ್ಕೀಟ್, ಉಳಿದಲ್ಲಿ ಪಾಪಾಸುಕಳ್ಳಿ. ವಲಸೆ ಬಂದವರಿಗೆ ಅದು ಗಡಿ, ಮೂಲನಿವಾಸಿಗಳಾದ ಕಮಾಂಚಿಗಳಿಗೂ ಲಿಪಾನ್ ಅಪಾಚಿಗಳಿಗೂ ಅದೇ ಮನೆಯಂಗಳ. 1847ರಲ್ಲಿ ಜರ್ಮನ್ ವಲಸಿಗರು ಕಮಾಂಚಿಗಳ ಜೊತೆ ಒಪ್ಪಂದ ಮಾಡಿಕೊಂಡಿದ್ದರು. ಯುದ್ಧದ ವರ್ಷಗಳಲ್ಲಿ ದಾಳಿಗಳು ಹೆಚ್ಚಿ ಎಷ್ಟೋ ಕುಟುಂಬಗಳು ಮನೆ ಬಿಟ್ಟು ಪೂರ್ವಕ್ಕೆ ಸರಿದವು. 1870ರಲ್ಲಿ ಮೇಸನ್ ಕೌಂಟಿಯ (ಜಿಲ್ಲೆಯ) ಹೊಲದಿಂದ ಹತ್ತು ವರ್ಷದ ಹರ್ಮನ್ ಲೇಮನ್‌ನನ್ನು ಅಪಾಚಿಗಳು ಹೊತ್ತೊಯ್ದರು. 1878ರಲ್ಲಿ ಅವನು ಮನೆಗೆ ಬಂದಾಗ ತಾಯಿಯ ಜರ್ಮನ್ ಮಾತು ಮರೆತುಹೋಗಿತ್ತು. ಒಂದೇ ನೆಲದಲ್ಲಿ ಇಂಥ ಬಾಲ್ಯವೂ ಇತ್ತು ಎಂಬುದನ್ನು ಬಿಟ್ಟು ಗಡಿಯ ಹುಡುಗರ ಬಗ್ಗೆ ಬರೆಯುವುದು ಸರಿಯಲ್ಲ.

ಮನೆ ಎಂದರೆ ಮರದ ದಿಮ್ಮಿಗಳ ಎರಡು ಕೋಣೆ, ನಡುವೆ ಎರಡೂ ಕಡೆ ತೆರೆದ ಓಣಿ, ಎಲ್ಲದರ ಮೇಲೂ ಒಂದೇ ಸೂರು. ಸೆಖೆಗಾಲದಲ್ಲಿ ಓಣಿಯಲ್ಲಿ ಗಾಳಿಯಾಡುತ್ತದೆ. ನೀರಿನ ಕೊಳಗ, ಜೀನು, ಒಣಗಲು ಕಟ್ಟಿದ ಮಾಂಸ ಎಲ್ಲ ಅಲ್ಲೇ. ನಾಯಿಗಳು ಮಲಗುವುದೂ ಅಲ್ಲೇ, ಹಾಗಾಗಿ ಆ ಮಾದರಿಯ ಮನೆಗೆ ‘ಡಾಗ್‌ಟ್ರಾಟ್’ ಎಂಬ ಹೆಸರು ಬಂದದ್ದೂ ನಾಯಿಯಿಂದಲೇ. ದಿಕ್ಕಿಲ್ಲದ ನಾಯಿಯೊಂದು ಇಂಥ ಮನೆಗೆ ಕಳ್ಳನಾಗಿಯೇ ಬರುತ್ತದೆ, ಏಕೆಂದರೆ ಮಾಂಸದ ವಾಸನೆ ಕಾಡಿನ ತನಕ ಹೋಗುತ್ತದೆ. ಹುಡುಗನಿಗೆ ಮೊದಲು ಬರುವುದು ಸಿಟ್ಟು. ಆ ಮಾಂಸ ಅವನು ಹೊಡೆದ ಜಿಂಕೆಯದು, ಹೊಸ ಜಿಂಕೆ ನಾಳೆಯೇ ಸಿಕ್ಕೀತೆಂಬ ಭರವಸೆಯಿಲ್ಲ.

ಆದರೂ ಇಟ್ಟುಕೊಳ್ಳುತ್ತಿದ್ದರು. ಆ ಸೀಮೆಯ ಕೆಲಸದ ನಾಯಿಗಳನ್ನು ಕರ್ ಎಂದು ಕರೆಯುತ್ತಾರೆ. ಅದರಲ್ಲೊಂದು ಬಗೆಗೆ ಹಳದಿ ಮೈ, ಕಪ್ಪು ಮೂತಿ, ಗಿಡ್ಡ ಕೂದಲು, ಇಪ್ಪತ್ತರಿಂದ ನಲವತ್ತು ಕಿಲೋ ತೂಕ. ವಂಶಾವಳಿ ಬರೆದಿಟ್ಟವರಿಲ್ಲ. ಕೆಲಸ ಬಂದ ನಾಯಿಯ ಮರಿಗಳು ಉಳಿದವು, ಬಾರದ್ದರವು ಉಳಿಯಲಿಲ್ಲ. ತಳಿ ಆದದ್ದು ಹಾಗೆ. ಅಳಿಲನ್ನು ಮರ ಹತ್ತಿಸುತ್ತದೆ, ದನ ತಿರುಗಿಸುತ್ತದೆ, ಹಂದಿಯನ್ನು ತಡೆದು ನಿಲ್ಲಿಸುತ್ತದೆ, ರಾತ್ರಿ ಅಪರಿಚಿತರ ಸುಳಿವು ಕೊಡುತ್ತದೆ. ರಕೂನ್ ಎಂಬ ಸಣ್ಣ ಕಾಡುಪ್ರಾಣಿಗಳೂ ಜಿಂಕೆಗಳೂ ಮೆಕ್ಕೆಜೋಳದ ತೆನೆಗೆ ಬೀಳುವ ವಾರಗಳಲ್ಲಿ ಹುಡುಗನೂ ನಾಯಿಯೂ ಹೊಲದಲ್ಲೇ ಮಲಗಬೇಕು.

ನಾಯಿಯ ಬೆಲೆ ಅರಿಯಬೇಕಾದರೆ ಕೋವಿಯನ್ನು ನೋಡಬೇಕು. ಹುಡುಗನ ಕೈಗೆ ಬರುತ್ತಿದ್ದದ್ದು ಹೆಚ್ಚಾಗಿ ಬಾಯಿಂದ ಈಡು ತುಂಬುವ ಒಂಟಿ ನಳಿಗೆಯ ಕೇಪಿನ ಕೋವಿ. ಮಲೆನಾಡು, ಕೊಡಗಿನ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ. ಸುಮಾರು ನಾಲ್ಕು ಗ್ರಾಂ ಮದ್ದು ಅಳೆದು ಸುರಿಯಬೇಕು. ಕೊಬ್ಬು ಸವರಿದ ಬಟ್ಟೆಚೂರನ್ನು ನಳಿಗೆಯ ಬಾಯಿಗಿಟ್ಟು, ಅದರ ಮೇಲೆ ಸೀಸದ ಗುಂಡು ಇಟ್ಟು, ಗಜದಿಂದ ಮದ್ದಿಗೆ ತಾಗುವವರೆಗೂ ದೂಡಬೇಕು. ಆಮೇಲೆ ಕೋವಿಯ ಕುದುರೆ, ಎಂದರೆ ಬಡಿಯುವ ಸುತ್ತಿಗೆ, ಎಳೆದು ಕಿಡಿ ಹೊತ್ತಿಸುವ ಪುಟ್ಟ ಕೇಪು ಕೂರಿಸಬೇಕು. ಪಳಗಿದ ಕೈಗೂ ಅರ್ಧ ನಿಮಿಷ. ಗುಂಡು ಮದ್ದಿನಿಂದ ಮೇಲೆಯೇ ನಿಂತರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು. ಗಾಬರಿಯಲ್ಲಿ ಮದ್ದನ್ನೇ ಮರೆತು ಗುಂಡು ಇಳಿಸಿದರೆ ಆ ದಿನದ ಬೇಟೆ ಮುಗಿಯಿತು, ಅದನ್ನು ಹೊರತೆಗೆಯುವುದೇ ಒಂದು ಕೆಲಸ. ಹೀಗಾಗಿ ಕಾಡಿನಲ್ಲಿ ಹುಡುಗನಿಗೆ ಇರುವುದು ಒಂದೇ ಈಡು. ಅದು ತಪ್ಪಿದ ಮೇಲಿನ ಅರ್ಧ ನಿಮಿಷವನ್ನು ಅವನಿಗೆ ಗಳಿಸಿಕೊಡುವುದು ನಾಯಿ.

ಆ ಅರ್ಧ ನಿಮಿಷ ಹೆಚ್ಚು ಬೇಕಾಗುತ್ತಿದ್ದದ್ದು ಹಂದಿ ಕೆಲಸದಲ್ಲಿ. ಮುಳ್ಳುತಂತಿ ಇನ್ನೂ ಬಂದಿರಲಿಲ್ಲ, ಅದರ ಹೆಸರಾಂತ ಪೇಟೆಂಟ್ 1874ರದ್ದು. ಬೇಲಿ ಇದ್ದದ್ದು ಬೆಳೆಗೆ. ಹಂದಿ, ದನಗಳೆಲ್ಲ ಕಾಡಿಗೆ ಬಿಟ್ಟವೇ. ಓಕ್ ಕಾಯಿ ತಿಂದು, ಅಲ್ಲೇ ಮರಿ ಹಾಕಿ, ಎರಡು ಮೂರು ಪೀಳಿಗೆಯಲ್ಲಿ ಅವು ಪೂರ್ತಿ ಕಾಡುಹಂದಿಯಂತಾಗುತ್ತಿದ್ದವು. ಯಾರ ಹಂದಿ ಯಾರದೆಂಬುದಕ್ಕೆ ಕಿವಿಯ ಗುರುತೇ ದಾಖಲೆ. ತುದಿ ಕತ್ತರಿಸುವುದು, ಕೆಳಗಂಚಿನಲ್ಲಿ ಕಚ್ಚು ತೆಗೆಯುವುದು, ತುದಿಯನ್ನು ಹಕ್ಕಿಬಾಲದಂತೆ ಸೀಳುವುದು, ಎಡಕ್ಕೊಂದು ಬಲಕ್ಕೊಂದು. ಪ್ರತಿ ಮನೆಯ ಗುರುತೂ ಕೌಂಟಿ ಕಚೇರಿಯ ಪುಸ್ತಕದಲ್ಲಿ ನಮೂದಾಗಿರಬೇಕು. ಮರಿ ತಾಯಿಯ ಹಿಂದೆ ಇರುವಾಗಲೇ ಗುರುತು ಹಾಕಬೇಕು. ತಾಯಿಯ ಕಿವಿ ನೋಡಿ ಮರಿ ಯಾರದೆಂದು ಹೇಳಬಹುದು. ತಾಯಿಯನ್ನು ಬಿಟ್ಟು ಅಲೆಯತೊಡಗಿದ ಮೇಲೆ ಹೇಳುವವರು ಯಾರು? ಒಂದು ವಸಂತ ಗುರುತು ತಪ್ಪಿದರೆ ಚಳಿಗಾಲಕ್ಕೆ ಉಪ್ಪು ಹಾಕಲು ಮಾಂಸವಿಲ್ಲ.

ಹಂದಿಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವುದು ಆಗದ ಮಾತು. ನಾಯಿಯೂ ಹಿಡಿಯಬಾರದು. ಒಳ್ಳೆಯ ನಾಯಿ ಹಿಂಡಿನ ಸುತ್ತ ತಿರುಗುತ್ತಾ ಬೊಗಳುತ್ತದೆ. ಹಂದಿಗಳು ಮರಿಗಳನ್ನು ನಡುವೆ ಹಾಕಿಕೊಂಡು, ಬೆನ್ನಿಗೆ ಬೆನ್ನು ಕೊಟ್ಟು, ಮೂತಿ ಹೊರಗೆ ಮಾಡಿ ನಿಲ್ಲುತ್ತವೆ. ಆಗ ನಾಯಿ ಹತ್ತಿರ ಹೋಗಿ ಕೆರಳಿಸುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಕೆರಳಿಸುತ್ತದೆ. ಸಿಟ್ಟಿಗೆದ್ದ ಹಿಂಡು ಅದನ್ನು ಅಟ್ಟುತ್ತದೆ. ನಾಯಿ ಓಡುವುದು ದೊಡ್ಡಿಯ ಕಡೆಗೇ. ತೆರೆದ ಬಾಗಿಲಲ್ಲಿ ನುಗ್ಗಿ ಎದುರಿನ ಬೇಲಿ ಹಾರಿ ಪಾರಾಗುತ್ತದೆ, ಹಿಂಡು ಒಳಗೇ ಉಳಿಯುತ್ತದೆ, ಹುಡುಗ ಅಡ್ಡಗಣೆ ಹಾಕುತ್ತಾನೆ. ದಕ್ಷಿಣದ ಕರ್ ನಾಯಿಗಳ ಈ ಚಾತುರ್ಯ ನೋಡಿದಾಗ, ಕಲಿಸಿದವರು ಯಾರು ಕಲಿತವರು ಯಾರು ಎಂಬುದೇ ತಿಳಿಯದು. ಹುಡುಗ ಕಲಿಯಬೇಕಾದದ್ದು ಮುಖ್ಯವಾಗಿ ಸುಮ್ಮನಿರುವುದನ್ನು. ಅಡ್ಡಗಣೆಯ ಬಳಿ ಅವನು ಅವಸರಿಸಿ ಮುಂದೆ ಬಂದರೆ ಹಿಂಡು ನಾಯಿಯನ್ನು ಬಿಟ್ಟು ಮನುಷ್ಯನ ಕಡೆ ತಿರುಗುತ್ತದೆ.

ಕೆಡುವುದು ಹಲವು ರೀತಿ. ಮೈಮೇಲೆ ಬೀಳುವ ಚಾಳಿಯ ನಾಯಿ ಹಿಂಡನ್ನು ಚದುರಿಸುತ್ತದೆ, ತಾನೂ ಸೀಳಿಸಿಕೊಳ್ಳುತ್ತದೆ. ಮರಿ ಕಿರುಚಿದೊಡನೆ ತಾಯಿ ಬೇಲಿಯ ಸಂದಿಗೇ ನುಗ್ಗುತ್ತದೆ, ಆದ್ದರಿಂದ ಮರಿಯನ್ನು ಬೇಲಿಯಾಚೆ ಎತ್ತಿಕೊಂಡೇ ಕಿವಿ ಕತ್ತರಿಸಬೇಕು. ಗಂಡುಮರಿಯ ಬೀಜ ಒಡೆಯುವುದೂ ಆಗಲೇ, ಇಲ್ಲವಾದರೆ ಬಲಿತ ಮೇಲೆ ಮಾಂಸಕ್ಕೆ ಗಬ್ಬುವಾಸನೆ. ದೊಡ್ಡ ಗಂಡುಹಂದಿಯ ಕೆಳಗಿನ ಕೋರೆ ಮೇಲಿನದಕ್ಕೆ ಉಜ್ಜಿ ಉಜ್ಜಿ ಸದಾ ಹರಿತ. ಅದರ ಭುಜದ ಮೇಲೆ ದಪ್ಪನೆಯ ಗಟ್ಟಿ ಪದರ ಬೆಳೆದಿರುತ್ತದೆ. ಒಂದೇ ಈಡು ಇರುವವನು ಅಲ್ಲಿಗೆ ಹೊಡೆದರೆ ಕೆಟ್ಟ, ಕಿವಿಯ ಹಿಂದಕ್ಕೇ ಗುರಿ ಇಡಬೇಕು.

ಕೋರೆಯ ಪೆಟ್ಟು ಕೆಳಗಿನಿಂದ ಮೇಲಕ್ಕೆ ಸೀಳುತ್ತದೆ. ಚರ್ಮದ ಮೇಲೆ ಚಿಕ್ಕ ಬಾಯಿ, ಒಳಗೆ ಚೀಲದಷ್ಟು ಗಾಯ. ಮೇಲಿನ ಬಾಯಿ ಬಿಗಿಯಾಗಿ ಹೊಲಿದುಬಿಟ್ಟರೆ ಒಳಗೆ ಕೀವು ನಿಂತು ನಾಯಿ ಸಾಯುತ್ತದೆ. ತೊಳೆದು, ಕೆಳತುದಿಯನ್ನು ಕೀವು ಇಳಿಯಲು ತೆರೆದಿಟ್ಟು, ಉಳಿದದ್ದನ್ನು ಮಾತ್ರ ಹೊಲಿಯಬೇಕು. ಹೊಲಿಯಲು ಕುದುರೆ ಬಾಲದ ಕೂದಲು. ಅಂತರ್ಯುದ್ಧದಲ್ಲಿ ರೇಷ್ಮೆ ದಾರ ಸಿಗದೆ ದಕ್ಷಿಣದ ಸೇನಾವೈದ್ಯರು ಕುದುರೆ ಕೂದಲನ್ನು ಮೆತ್ತಗಾಗಲೆಂದು ಕುದಿಸಿ ಬಳಸಿದರು. ಕುದಿಸಿದ್ದರಿಂದ ರೋಗಾಣುಗಳೂ ಸತ್ತು ಗಾಯಗಳು ಬೇಗ ಮಾಗಿದವು. ಕಾರಣ ಅವರಿಗೆ ಹೊಳೆದಿರಲಿಲ್ಲ, ಗುಣ ಮಾತ್ರ ಕಂಡಿತು. ಇಂದು ಟೆಕ್ಸಾಸ್‌ನಲ್ಲಿ ಕಾಡುಹಂದಿಗಳ ಸಂಖ್ಯೆ ಇಪ್ಪತ್ತು ಲಕ್ಷ ಮೀರಿದೆ ಎನ್ನುತ್ತಾರೆ. ಅಂದು ಕಾಡಿಗೆ ಬಿಟ್ಟ ಹಂದಿಗಳ ರಕ್ತವೂ ಅವುಗಳಲ್ಲಿದೆ. ಈಗಿನ ಬೇಟೆನಾಯಿಗೆ ಎದೆಗವಚ, ಅಗಲ ಕೊರಳಪಟ್ಟಿ ತೊಡಿಸುತ್ತಾರೆ; ಗಾಯದ ಪಾಠ ಬದಲಾಗಿಲ್ಲ.

ಗಾಯವಾದ ಮೇಲಿನ ಶತ್ರು ನೊಣ. ಅಲ್ಲಿಯ ಸ್ಕ್ರೂವರ್ಮ್ ನೊಣ ಗಾಯದ ಅಂಚಿನಲ್ಲಿ ಒಮ್ಮೆಗೆ 200–300 ಮೊಟ್ಟೆ ಇಡುತ್ತದೆ. ಒಂದು ದಿನದೊಳಗೆ ಮರಿಹುಳ ಹೊರಬಂದು, ಸತ್ತ ಮಾಂಸವನ್ನಲ್ಲ, ಜೀವಂತ ಮಾಂಸವನ್ನೇ ಕೊರೆಯುತ್ತದೆ. ಐದರಿಂದ ಏಳು ದಿನಕ್ಕೆ ಬಲಿತು ನೆಲಕ್ಕೆ ಬೀಳುತ್ತದೆ. ಅಷ್ಟರಲ್ಲಿ ವಾಸನೆಗೆ ಇನ್ನಷ್ಟು ನೊಣ ಬಂದಿರುತ್ತವೆ. ಆಗಷ್ಟೇ ಹುಟ್ಟಿದ ಕರುವಿನ ಹೊಕ್ಕುಳೇ ಸಾಕು ಅವಕ್ಕೆ. ಹಾಗಾಗಿ ದನಗಳ ಬೀಜ ಒಡೆಯುವುದು, ಬರೆ ಹಾಕುವುದು ಎಲ್ಲವನ್ನೂ ಹಿಮ ಬಿದ್ದ ಮೇಲೆ ಮಾಡುವುದೇ ಜಾಣತನವಾಗಿತ್ತು. ಬೇಸಿಗೆಯಲ್ಲಿ ಪ್ರತಿದಿನ ಕಾಡು ಸುತ್ತಿ, ಹಿಂಡಿನಿಂದ ದೂರ ನಿಂತ ದನ ಎಲ್ಲಿದೆಯೆಂದು ಹುಡುಕುವುದು ಹುಡುಗನ ಕೆಲಸ. ನಮ್ಮಲ್ಲಿಯೂ ಇದರ ಹತ್ತಿರದ ನೊಣವಿದೆ. ಹುಳ ಬಿದ್ದ ಗಾಯಕ್ಕೆ ಟರ್ಪೆಂಟೈನ್ ಹಾಕುವ, ಸೀತಾಫಲದ ಎಲೆ ಅರೆದು ತುಂಬುವ ರೈತರಿಗೆ ಆ ವಾಸನೆಯ ಪರಿಚಯ ಚೆನ್ನಾಗಿಯೇ ಇದೆ. ಟೆಕ್ಸಾಸ್‌ನ ಈ ಪೀಡೆ ತೊಲಗಿದ್ದಕ್ಕೆ ಅದೇ ಗುಡ್ಡಗಾಡಿಗೂ ಪಾಲಿದೆ. ಎಡ್ವರ್ಡ್ ನಿಪ್ಲಿಂಗ್, ಗುಡ್ಡಗಾಡಿನ ಕೆರ್ವಿಲ್ ಊರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ರೇಮಂಡ್ ಬುಶ್ಲಂಡ್ ಎಂಬ ವಿಜ್ಞಾನಿಗಳು ಹೆಣ್ಣುನೊಣ ಜೀವನದಲ್ಲಿ ಒಮ್ಮೆ ಮಾತ್ರ ಕೂಡುವುದನ್ನು ಗಮನಿಸಿ, ವಿಕಿರಣದಿಂದ ಬಂಜೆ ಮಾಡಿದ ಗಂಡುನೊಣಗಳನ್ನು ಲೆಕ್ಕವಿಲ್ಲದಷ್ಟು ಬಿಡುವ ಉಪಾಯ ಹೂಡಿದರು. 1982ರ ನಂತರ ದಶಕಗಳ ಕಾಲ ಟೆಕ್ಸಾಸ್ ಆ ಹುಳದಿಂದ ಮುಕ್ತವಾಗಿತ್ತು. 2024ರ ಕೊನೆಯಲ್ಲಿ ಅದು ದಕ್ಷಿಣ ಮೆಕ್ಸಿಕೊದಲ್ಲಿ ಮತ್ತೆ ತಲೆಯೆತ್ತಿತು.

ಇನ್ನು ಹುಚ್ಚು, ಎಂದರೆ ರೇಬೀಸ್. ನಾಯಿ ತನ್ನ ಗೂಡಿನಂತೆ ಕಾಯುತ್ತಿದ್ದ ಮನೆಗೆ ಅದು ಬರುತ್ತಿದ್ದದ್ದು ಹೆಚ್ಚಾಗಿ ಕಾಡಿನಿಂದ: ತೋಳ, ನರಿ, ಎಲ್ಲಕ್ಕಿಂತ ಮೇಲಾಗಿ ಸ್ಕಂಕ್ ಎಂಬ ಕಪ್ಪುಬಿಳಿ ಪಟ್ಟೆಯ ಪುಟ್ಟ ಪ್ರಾಣಿ. ಬಯಲಲ್ಲಿ ಮಲಗಿದ ದನಗಾಹಿಗಳ ಮೂಗನ್ನೋ ಬೆರಳನ್ನೋ ಸ್ಕಂಕ್ ಕಚ್ಚಿದ, ಆಮೇಲೆ ಅವರು ಸತ್ತ ಸಂಗತಿಗಳನ್ನು ಹೋವಿ ಎಂಬ ಪಾದ್ರಿ 1874ರಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಬರೆದ. ಇಂದಿಗೂ ಟೆಕ್ಸಾಸ್‌ನಲ್ಲಿ ರೇಬೀಸ್ ಉಳಿಸಿಕೊಂಡಿರುವ ಮುಖ್ಯ ಪ್ರಾಣಿಗಳಲ್ಲಿ ಅದೊಂದು.

ವೈರಸ್ಸು ಇರುವುದು ಜೊಲ್ಲಿನಲ್ಲಿ. ಕಚ್ಚಿದ ಜಾಗದಿಂದ ಅದು ರಕ್ತ ಹಿಡಿಯುವುದಿಲ್ಲ, ನರ ಹಿಡಿದು ಮಿದುಳಿನ ಕಡೆ ನಿಧಾನ ಏರುತ್ತದೆ. ಆದ್ದರಿಂದಲೇ ಮುಖಕ್ಕೆ, ಕುತ್ತಿಗೆಗೆ ಕಚ್ಚಿದರೆ ಬೇಗ, ಕಾಲಿಗೆ ಕಚ್ಚಿದರೆ ತಡ. ನಾಯಿಯಲ್ಲಿ ಸಾಮಾನ್ಯವಾಗಿ ಮೂರರಿಂದ ಎಂಟು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ. ಗಡಿಯ ಹುಡುಗನ ಸಂಕಟ ಇಲ್ಲೇ ಇತ್ತು. ತೋಳದ ಜೊತೆ ಸೆಣಸಿ ಮನೆಮಂದಿಯನ್ನು ಉಳಿಸಿದ ನಾಯಿ ಎದುರಿಗೆ ಗಟ್ಟಿಮುಟ್ಟಾಗಿ ನಿಂತಿದೆ, ಕರೆದರೆ ಬರುತ್ತದೆ, ಉಣ್ಣುತ್ತದೆ. ಅದನ್ನು ಮೆಕ್ಕೆಜೋಳದ ಕಣಜದಲ್ಲಿ ಕೂಡಿ ವಾರಗಟ್ಟಲೆ ಕಾಯಬೇಕೇ, ಇಂದೇ ಮುಗಿಸಬೇಕೇ? ಕಾಯುವುದೆಂದರೆ ದಿಮ್ಮಿಗಳ ನಡುವಿನ ಸಂದಿಯಲ್ಲಿ ತಮ್ಮನ ಕೈ ಹೋಗದಂತೆ ದಿನವೂ ಎಚ್ಚರವಿರುವುದು. ಲಕ್ಷಣ ಕಂಡ ಮೇಲೆ ನಾಯಿ ಹತ್ತು ದಿನದೊಳಗೆ ಸಾಯುತ್ತದೆ, ಆದರೆ ಲಕ್ಷಣ ಕಾಣುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವಿಷ ಇಳಿದಿರುತ್ತದೆ.

ಆ ಕಾಲದ ತಿಳಿವಳಿಕೆಯಲ್ಲಿ ಎರಡು ಅಪಾಯಗಳಿದ್ದವು, ನಮ್ಮ ಹಳ್ಳಿಗಳಲ್ಲಿ ಇನ್ನೂ ಇವೆ. ಒಂದು, ನೀರು ಇಟ್ಟು ನೋಡುವುದು. ನೀರಿಗೆ ಹೆದರುವುದು ರೋಗ ಬಂದ ಮನುಷ್ಯ. ಹುಚ್ಚುನಾಯಿ ನೀರಿಗೆ ಬಾಯಿ ಹಾಕುತ್ತದೆ, ನುಂಗಲು ಆಗುವುದಿಲ್ಲ ಅಷ್ಟೇ. ನೀರಿನ ಬಳಿ ಬಂತೆಂದು ಧೈರ್ಯ ತಾಳಿದವರು ಕೆಟ್ಟರು. ಎರಡನೆಯದು ಮೂಕಹುಚ್ಚು: ನಾಯಿ ಓಡಾಡಿ ಕಚ್ಚುವುದಿಲ್ಲ, ಮೂಲೆ ಸೇರುತ್ತದೆ, ಕೆಳದವಡೆ ಜೋತು ಬೀಳುತ್ತದೆ, ಜೊಲ್ಲು ಸುರಿಯುತ್ತದೆ, ಸ್ವರ ಬದಲಾಗುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಪ್ರೀತಿಯಿಂದ ಬಾಯೊಳಗೆ ಕೈ ಹಾಕುತ್ತಾರೆ. ಹಸುವೂ ಹಾಗೆಯೇ, ಒಡಕು ಸ್ವರದಲ್ಲಿ ಬಿಡದೆ ಕೂಗುತ್ತದೆ, ಹಿಂಗಾಲು ತಡವರಿಸುತ್ತದೆ, ಜೊಲ್ಲು ಇಳಿಯುತ್ತದೆ.

ಕಚ್ಚಿಸಿಕೊಂಡವರನ್ನು ಹುಚ್ಚುಕಲ್ಲು ಇದ್ದವರ ಮನೆಗೆ ಒಯ್ಯುತ್ತಿದ್ದರು. ಜಿಂಕೆಯ ಹೊಟ್ಟೆಯಲ್ಲಿ ಸಿಗುವ ಗಟ್ಟಿಯಾದ ಉಂಡೆ ಅದು, ಬಿಳಿ ಜಿಂಕೆಯದಾದರೆ ಶ್ರೇಷ್ಠವಂತೆ. ಹಾಲಿನಲ್ಲಿ ಕಾಯಿಸಿ ಗಾಯಕ್ಕೆ ಒತ್ತುವುದು, ತಾನಾಗಿ ಕಳಚಿ ಬೀಳುವವರೆಗೆ ಬಿಡುವುದು, ಮತ್ತೆ ಹಾಲಿಗೆ ಹಾಕಿ ಹಾಲು ಹಸಿರಾದರೆ ವಿಷ ಇಳಿಯಿತೆಂದು ತಿಳಿಯುವುದು. ಕಲ್ಲಿಗೆ ಹಣ ಕೇಳಬಾರದೆಂಬ ಕಟ್ಟಳೆಯೂ ಇತ್ತು. ಕೆಲವರು ಬದುಕುತ್ತಿದ್ದರು, ಏಕೆಂದರೆ ಕಚ್ಚಿದ ನಾಯಿಗೆಲ್ಲ ಹುಚ್ಚಿರುವುದಿಲ್ಲ, ಹುಚ್ಚಿದ್ದರೂ ಪ್ರತಿ ಕಡಿತದಲ್ಲೂ ವೈರಸ್ಸು ಮೈ ಸೇರುವುದಿಲ್ಲ. ದಪ್ಪ ಬಟ್ಟೆಯೇ ಜೊಲ್ಲು ಒರೆಸಿಬಿಡಬಹುದು. ಕೀರ್ತಿ ಕಲ್ಲಿಗೆ ಹೋಯಿತು. ನಮ್ಮಲ್ಲಿ ಗಾಯಕ್ಕೆ ಸುಣ್ಣ, ಮೆಣಸಿನಪುಡಿ, ಅರಿಶಿನ ಮೆತ್ತಿ ಬದುಕಿದವರ ಕಥೆಗಳೂ ಇಂಥವೇ, ಮತ್ತು ಆ ಕಥೆಗಳನ್ನು ನಂಬಿ ಸತ್ತವರು ಕಥೆ ಹೇಳಲು ಬರುವುದಿಲ್ಲ.

ಆ ಹುಡುಗ ಇನ್ನೊಂದಿಪ್ಪತ್ತು ವರ್ಷ ತಡವಾಗಿ ಹುಟ್ಟಿದ್ದರೆ? 1885ರ ಜುಲೈ 6ರಂದು ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಅವರು ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಮೊಲದ ಬೆನ್ನುಹುರಿ ಒಣಗಿಸಿ ತಯಾರಿಸಿದ ಲಸಿಕೆ ಹಾಕಿಸಿದರು, ಹುಡುಗ ಬದುಕಿದ. ಅದೇ ಅಕ್ಟೋಬರಿನಲ್ಲಿ ಬಂದವನು ಜೂಪೀಯ್ ಎಂಬ ಹದಿನೈದರ ಕುರಿಗಾಹಿ. ಚಿಕ್ಕ ಹುಡುಗರ ಮೇಲೆ ಎರಗಿದ ಹುಚ್ಚುನಾಯಿಗೆ ಅಡ್ಡ ನಿಂತು, ಕೈ ಕಚ್ಚಿಸಿಕೊಂಡೇ ಅದರ ಮೂತಿಯನ್ನು ಚಾಟಿಯಿಂದ ಬಿಗಿದು, ಮರದ ಪಾದರಕ್ಷೆಯಿಂದ ಬಡಿದು ಕೊಂದಿದ್ದ. ಅವನೂ ಬದುಕಿದ. ಪಾಶ್ಚರ್ ಸಂಸ್ಥೆಯಲ್ಲಿ ಅವನ ಸೆಣಸಾಟದ ಪ್ರತಿಮೆ ಇದೆ. ಧೈರ್ಯದಲ್ಲಿ ಅವನಿಗೂ ಟೆಕ್ಸಾಸ್‌ನ ಹುಡುಗರಿಗೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಒಂದು ಸೂಜಿಯದು.

ಆ ಸೂಜಿ ಭಾರತಕ್ಕೂ ಬೇಗ ಬಂತು: 1900ರಲ್ಲಿ ಹಿಮಾಚಲದ ಕಸೌಲಿ, 1907ರಲ್ಲಿ ನಮ್ಮ ಪಕ್ಕದ ನೀಲಗಿರಿಯ ಕೂನೂರು. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಎಂದು ಹಿರಿಯರು ಹೇಳುವುದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆಯ ಮಾತು. ಅದು ನಿಂತು ಎಷ್ಟೋ ವರ್ಷವಾಯಿತು. ಈಗ ಕಚ್ಚಿದ ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಾಕಿ ಪೂರ್ತಿ ಹದಿನೈದು ನಿಮಿಷ ತೊಳೆಯಬೇಕು. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಎರಡು ತೋಳಿಗೂ 0.1 ಮಿಲಿಯಂತೆ 0, 3, 7, 28ನೇ ದಿನ ಲಸಿಕೆ. ರಕ್ತ ಬಂದಿದ್ದರೆ ವೈರಸ್ಸನ್ನು ಕೂಡಲೇ ತಡೆಯುವ ಸೀರಮ್ ಕೂಡ ಬೇಕು, ಅದನ್ನು ಗಾಯದ ಒಳಗೂ ಸುತ್ತಲೂ ಚುಚ್ಚಬೇಕು: ಕುದುರೆಯ ಮೂಲದ್ದಾದರೆ ಕಿಲೋ ತೂಕಕ್ಕೆ 40 ಯೂನಿಟ್, ಮನುಷ್ಯ ಮೂಲದ್ದಾದರೆ 20. ಲಸಿಕೆ ಕೆಲಸ ಮಾಡಲು ಒಂದು ವಾರದ ಮೇಲೆ ಬೇಕಾಗುತ್ತದೆ, ಆ ನಡುವಿನ ಕಾವಲು ಸೀರಮ್‌ನದು. ಲಸಿಕೆ ಹಾಕಿಸಿ ಸೀರಮ್ ಬಿಟ್ಟವರ, ಎರಡು ಡೋಸಿಗೆ ನಿಲ್ಲಿಸಿದವರ ವಿಷಯದಲ್ಲಿಯೇ ನನಗೆ ಹೆಚ್ಚು ಭಯ.

ಟೆಕ್ಸಾಸ್ ತನ್ನ ಕಾಡನ್ನೇ ಲಸಿಕೆಗೆ ಒಳಪಡಿಸಿತು. 1988ರಿಂದ ದಕ್ಷಿಣದ ಕಯೋಟಿ ಎಂಬ ಚಿಕ್ಕ ತೋಳದಂಥ ಪ್ರಾಣಿಗಳಲ್ಲೂ, ನಾವು ಮಾತಾಡುತ್ತಿರುವ ಗುಡ್ಡಗಾಡಿನ ಬೂದುನರಿಗಳಲ್ಲೂ ರೇಬೀಸ್ ಹಬ್ಬಿತ್ತು. 1995ರಿಂದ ಮೀನಿನ ಪುಡಿ ಬೆರೆಸಿದ, ಒಳಗೆ ಲಸಿಕೆಯ ಪೊಟ್ಟಣವಿರುವ ತುಂಡುಗಳನ್ನು ವಿಮಾನದಿಂದ ಉದುರಿಸತೊಡಗಿದರು. ಪ್ರಾಣಿ ಅಗಿದಾಗ ಪೊಟ್ಟಣ ಒಡೆದು ಲಸಿಕೆ ಬಾಯಿಗೆ ಹರಡುತ್ತದೆ. 2007ರಲ್ಲಿ ಅಮೆರಿಕ ನಾಯಿಯಿಂದ ನಾಯಿಗೆ ಹರಡುವ ರೇಬೀಸ್ ತಳಿಯಿಂದ ಮುಕ್ತವೆಂದು ಘೋಷಣೆಯಾಯಿತು.

ಇಂದು ಕಾಡುಪ್ರಾಣಿ ಕಚ್ಚಿದ ಸಾಕುನಾಯಿಗೆ ಅಮೆರಿಕದ ರಾಷ್ಟ್ರೀಯ ಮಾರ್ಗಸೂಚಿ ಹೀಗಿದೆ: ಮೊದಲೇ ಲಸಿಕೆ ಆಗಿದ್ದರೆ ತಕ್ಷಣ ಮತ್ತೊಂದು ಡೋಸು, ಆಮೇಲೆ 45 ದಿನ ಮನೆಯಲ್ಲೇ ನಿಗಾ. ಲಸಿಕೆ ಆಗಿರದಿದ್ದರೂ ಉಳಿಸಿಕೊಳ್ಳಲು ದಾರಿಯಿದೆ: ಕೂಡಲೇ ಲಸಿಕೆ, ನಾಲ್ಕು ತಿಂಗಳು ಕಟ್ಟುನಿಟ್ಟಾದ ದಿಗ್ಬಂಧನ. ನಮ್ಮಲ್ಲಿ ಬೀದಿಯ ಮರಿಯೊಂದನ್ನು ಮನೆಗೆ ತಂದವರು ಮೂರು ತಿಂಗಳಿಗೆ ಮೊದಲ ರೇಬೀಸ್ ಲಸಿಕೆ ಹಾಕಿಸಿ, ಮುಂದಿನ ಡೋಸಿನ ದಿನ ಪಶುವೈದ್ಯರಿಂದ ಬರೆಸಿಕೊಂಡು ಚೀಟಿ ಜೋಪಾನ ಮಾಡಬೇಕು. ನಾಯಿ ಕಚ್ಚಿಸಿಕೊಂಡು ಬಂದ ದಿನ ವೈದ್ಯರು ಮೊದಲು ಕೇಳುವುದು ಆ ಚೀಟಿಯನ್ನೇ.